ಕೈಕೂಲಿ ಹಿಡಿದೇ ದರ ಹೇಳಿ: ಅಡುಗೆಮನೆಯ ಓವನ್ ಕಸುಬಾಗುವ ಬಗೆ

ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿ ಅಡ್ಡಾಡಿದವರಿಗೆ ‘ಇಲ್ಲಿ ಖಡಕ್ ರೊಟ್ಟಿ ಸಿಗುತ್ತವೆ’ ಎಂದು ಬಾಗಿಲ ಬದಿಗೆ ಬರೆದ ಮನೆಗಳು ಗೊತ್ತಿರುತ್ತವೆ. ಅಂಗಡಿ ಇಲ್ಲ, ಗಲ್ಲಾ ಇಲ್ಲ. ಪಡಸಾಲೆಯಲ್ಲಿ ಬಿಳಿ ಅರಿವೆ ಹೊದಿಸಿದ ಬುಟ್ಟಿ, ಒಳಗೆ ಹಂಚಿನ ಮುಂದೆ ಕೂತ ಒಬ್ಬಾಕೆ. ಅಡುಗೆಮನೆಯಿಂದ ಸಂಸಾರ ತೂಗಿಸುವುದು ನಮ್ಮ ಕಡೆ ಹೊಸದೇನಲ್ಲ. ಈಗ ವಿದ್ಯಾನಗರ, ಕೇಶ್ವಾಪುರ, ನವನಗರದ ಮನೆಗಳಿಂದ ಸಂಜೆ ಹೊತ್ತಿಗೆ ವೆನಿಲಾ ವಾಸನೆ ಬರುತ್ತದೆ, ಬೋರ್ಡಿನ ಜಾಗಕ್ಕೆ ವಾಟ್ಸಾಪ್ ಸ್ಟೇಟಸ್ ಬಂದಿದೆ, ಅಷ್ಟೇ.

ನಾನು ಕೇಕ್ ಮಾರಲು ಶುರು ಮಾಡಿದ ಹೊಸತರಲ್ಲಿ ಹಿಂದಿನ ಓಣಿಯ ರೊಟ್ಟಿ ಅಕ್ಕ ಕೇಳಿದ್ದಳು: “ಒಂದ್ ಕೇಕ್ ಎಷ್ಟಕ್ಕ ಕೊಟ್ಟಿ?” ಐನೂರು ಅಂದೆ. “ಕೈಕೂಲಿ ಹಿಡದಿಯೇನ?” ಹಿಡಿದಿರಲಿಲ್ಲ. ಮನೆಯಿಂದ ಕೇಕ್ ಮಾಡುವವರಲ್ಲಿ ಬಹಳಷ್ಟು ಮಂದಿ ಹಿಡಿಯುವುದಿಲ್ಲ. ಹಾಗಾಗಿ ಎರಡು ದೀಪಾವಳಿ ಕಳೆಯುವಷ್ಟರಲ್ಲಿ ಓವನ್ ಮೇಲೆ ಅರಿವೆ ಬೀಳುತ್ತದೆ.

ಮೊದಲು ತಕ್ಕಡಿ

ಓವನ್ ಕೊಳ್ಳುವ ಮೊದಲು ಡಿಜಿಟಲ್ ತಕ್ಕಡಿ ಕೊಳ್ಳಿ. ಕಪ್ಪಿನ ಲೆಕ್ಕ ಮನೆಯವರಿಗೆ ಮಾಡುವಾಗ ನಡೆಯುತ್ತದೆ, ಮಾರುವಾಗ ನಡೆಯುವುದಿಲ್ಲ. ಒಂದೇ ಕಪ್ಪಿನಲ್ಲಿ ಮೈದಾ ಹಗುರಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ. ಆ 30 ಗ್ರಾಮಿನಲ್ಲೇ ‘ಹೋದ ಸಲದ ಹಂಗ ಆಗಿಲ್ರಿ’ ಎಂಬ ಮಾತು ಅಡಗಿರುತ್ತದೆ. ಎರಡನೆಯದು ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್. ಗುಂಡಿ 180 ಡಿಗ್ರಿ ತೋರಿಸಿದಾಗ ಒಳಗೆ 160 ಇರಬಹುದು, 200 ಕೂಡ ಇರಬಹುದು. ಕೇಕ್ ನಡುವೆ ಉಬ್ಬಿ ಬಿರಿದರೆ ಪಾಕವಿಧಾನವನ್ನು ಬೈಯುವ ಮೊದಲು ಅದನ್ನು ನೋಡಿ.

ಒಂದು ವಹಿ ಇಡಿ. ಹಿಟ್ಟು ಯಾವ ಬ್ರಾಂಡು, ಎಷ್ಟು ಗ್ರಾಂ, ಎಷ್ಟು ನಿಮಿಷ, ಹೇಗಾಯಿತು ಎಲ್ಲ ಅದರಲ್ಲಿ ಬರೆಯಿರಿ. ಒಂದೇ ಕೇಕನ್ನು ಐದು ಸಲ ಮಾಡಿ ಐದೂ ಸಲ ಒಂದೇ ಎತ್ತರ, ಒಂದೇ ರುಚಿ ಬಂದ ಮೇಲೆ ಮಾತ್ರ ಅದು ನಿಮ್ಮ ಮಾರಾಟದ ಪಟ್ಟಿಗೆ ಸೇರಲಿ. ಮೊದಲ ವರ್ಷ ನಾಲ್ಕು ಪದಾರ್ಥಕ್ಕಿಂತ ಹೆಚ್ಚು ಬೇಡ.

ನಮ್ಮ ಊರಿನ ಗಿರಾಕಿ ಕೇಳುವ ಮೊದಲ ಪ್ರಶ್ನೆ ‘ಎಗ್‌ಲೆಸ್ ಐತಿಲ್ರಿ?’ ಮೊಟ್ಟೆ ಬಿಟ್ಟರೆ ಕೇಕನ್ನು ಎತ್ತಿ ಹಿಡಿಯುವ ಕೆಲಸ ಮೊಸರು ಮತ್ತು ಸೋಡಾ ಮೇಲೆ ಬೀಳುತ್ತದೆ. ಮೊಸರಿನ ಹುಳಿ ತಾಗಿದ ಕ್ಷಣದಿಂದ ಸೋಡಾ ಗಾಳಿ ಬಿಡಲು ಶುರುಮಾಡುತ್ತದೆ. ಹಿಟ್ಟು ಕಲಸಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತರೆ ಆ ಗಾಳಿ ಹೊರಗೆ ಹೋಗಿ ಕೇಕ್ ಚಪ್ಪಟೆಯಾಗುತ್ತದೆ. ಓವನ್ ಪೂರ್ತಿ ಕಾದಮೇಲೇ ಹಸಿ, ಒಣ ಎರಡನ್ನೂ ಕೂಡಿಸಿ, ಕೂಡಿಸಿದ ಕೂಡಲೇ ಒಳಗಿಡಿ.

ಕರೆಂಟಿನ ಲೆಕ್ಕ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. 2000 ವಾಟ್‌ನ ಓಟಿಜಿ (ಮನೆಬಳಕೆಯ ಕರೆಂಟ್ ಓವನ್) ಒಂದೇ ಸಮನೆ ಉರಿದರೆ ಗಂಟೆಗೆ ಎರಡು ಯೂನಿಟ್. ನಡುನಡುವೆ ತಾನೇ ಆರಿ ಹೊತ್ತುವುದರಿಂದ ಅದಕ್ಕಿಂತ ಕಡಿಮೆ ಹಿಡಿಯಿರಿ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 25 ದಿನ ಬೇಯಿಸಿದರೆ 50ರಿಂದ 75 ಯೂನಿಟ್ ಹೆಚ್ಚಾಯಿತು. ‘ಗೃಹಜ್ಯೋತಿ’ಯ ಸೊನ್ನೆ ಬಿಲ್ಲಿಗೆ ಒಗ್ಗಿಹೋದ ಮನೆಗೆ ಇದು ತಟ್ಟುತ್ತದೆ. ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿ ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದ ತಿಂಗಳು ಬಿಲ್ ಪೂರ್ತಿ ನಿಮ್ಮದು. ಅಲ್ಲದೆ ಆ ಯೋಜನೆ ಇರುವುದು ಗೃಹಬಳಕೆಗೆ. ವ್ಯಾಪಾರ ಬೆಳೆದಂತೆ ಬೇರೆ ಮೀಟರಿನ ಯೋಚನೆ ಮಾಡಲೇಬೇಕು. ಗ್ಯಾಸಿನದೂ ಇದೇ ಕತೆ: 14.2 ಕಿಲೋದ ಮನೆ ಸಿಲಿಂಡರ್ ಮನೆ ಅಡುಗೆಗೆ, ವ್ಯಾಪಾರಕ್ಕೆ 19 ಕಿಲೋದ್ದು.

ಇನ್ನು ಕರೆಂಟ್ ಹೋಗುವ ಮಾತು. ಒಮ್ಮೆ ಎರಡು ಕಿಲೋದ ಕೇಕ್ ಓವನ್ ಸೇರಿ ಹನ್ನೆರಡು ನಿಮಿಷವಾಗಿತ್ತು, ಕರೆಂಟ್ ಹೋಯಿತು. ಗಾಬರಿಯಲ್ಲಿ ಬಾಗಿಲು ತೆಗೆದು ನೋಡಿದೆ. ಇದ್ದಬದ್ದ ಬಿಸಿ ಹೊರಬಿದ್ದು ಕೇಕ್ ನಡುವೆ ಕೆರೆಯಂತೆ ಕುಸಿಯಿತು. ಬಾಗಿಲು ಮುಚ್ಚಿಯೇ ಇಟ್ಟಿದ್ದರೆ ಹತ್ತು ನಿಮಿಷ ತಡೆಯುತ್ತಿತ್ತೋ ಏನೋ. ಕುಸಿದದ್ದನ್ನು ಮಕ್ಕಳಿಗೆ ಕೊಟ್ಟು ರಾತ್ರಿ ಹನ್ನೊಂದಕ್ಕೆ ಹೊಸದು ಮಾಡಿದೆ. ಅಂದಿನಿಂದ ಕೇಕಿನ ಬುಡವನ್ನು ಹಿಂದಿನ ದಿನವೇ ಬೇಯಿಸಿಟ್ಟುಕೊಳ್ಳುತ್ತೇನೆ. ತಂಪಾದ ಬುಡ ಕತ್ತರಿಸುವುದಕ್ಕೂ ಸಲೀಸು.

ದರ ಕಟ್ಟುವುದು

ಈಗ ರೊಟ್ಟಿ ಅಕ್ಕನ ಪ್ರಶ್ನೆಗೆ ಬರೋಣ. ಒಂದು ಕಿಲೋ ಚಾಕೊಲೇಟ್ ಕೇಕಿಗೆ ಉದಾಹರಣೆಯ ಲೆಕ್ಕ ಹೀಗಿರಲಿ, ನಿಮ್ಮ ಅಂಗಡಿಯ ದರ ಹಾಕಿ ನೀವೇ ಮತ್ತೆ ಮಾಡಿ. ಸಾಮಾನು 260 ರೂಪಾಯಿ. ಡಬ್ಬಿ, ಕೆಳಗಿನ ರಟ್ಟು, ಮೇಣಬತ್ತಿ, ಪ್ಲಾಸ್ಟಿಕ್ ಚಾಕು 55. ಕರೆಂಟು 25. ಮುಟ್ಟಿಸುವ ಪೆಟ್ರೋಲು 40. ಕೆಟ್ಟದ್ದು, ಸೀದದ್ದು, ರುಚಿ ನೋಡಲು ಕೊಟ್ಟದ್ದು ಎಲ್ಲ ಸೇರಿ 30. ಇಲ್ಲಿಗೆ 410 ಆಯಿತು. ಐನೂರಕ್ಕೆ ಮಾರಿದರೆ 90 ರೂಪಾಯಿ ಉಳಿಯಿತು ಎಂದು ಖುಷಿಯಾಗುತ್ತದೆ. ಆದರೆ ಕಲಸಿ, ಬೇಯಿಸಿ, ಕ್ರೀಮು ಹಚ್ಚಿ, ಪಾತ್ರೆ ತೊಳೆದು ಮೂರು ತಾಸು ಹೋದವು. ತಾಸಿಗೆ 30 ರೂಪಾಯಿ. ಅಷ್ಟಕ್ಕೆ ಮನೆಗೆಲಸಕ್ಕೂ ಯಾರೂ ಬರುವುದಿಲ್ಲ. ತಾಸಿಗೆ 80ರಂತೆ 240 ರೂಪಾಯಿ ಕೈಕೂಲಿ ಹಿಡಿದರೆ ಕೇಕಿನ ಅಸಲೇ 650. ಲಾಭ ಆಮೇಲೆ.

‘ಅಷ್ಟು ಹೇಳಿದರೆ ಯಾರು ಕೊಳ್ಳುತ್ತಾರೆ’ ಎನ್ನುವವರಿಗೆ ನನ್ನ ಉತ್ತರ: ಹತ್ತರಲ್ಲಿ ನಾಲ್ವರು ಕೊಳ್ಳಲಿ. ಬೇಕರಿಯ ದರಕ್ಕೆ ಸರಿಗಟ್ಟಲು ಹೋಗಬೇಡಿ. ಅವರು ಮೈದಾ ತರುವುದು ಮೂಟೆಯಲ್ಲಿ, ನೀವು ತರುವುದು ಕಿಲೋದಲ್ಲಿ. ನಾಲ್ಕೈದು ಜನ ಕೂಡಿ ಸಗಟು ಅಂಗಡಿಯಿಂದ ಸಾಮಾನು ತಂದು ಹಂಚಿಕೊಂಡರೆ ಸ್ವಲ್ಪ ಉಳಿಯುತ್ತದೆ. ಆದರೆ ಮೈದಾ, ಕೋಕೋ ಹೆಚ್ಚಿಗೆ ತಂದು ಮಳೆಗಾಲದಲ್ಲಿ ಹುಳ ಬರಿಸಿಕೊಂಡರೆ ಉಳಿದದ್ದೂ ಹೋಯಿತು.

ನೂರು ರೂಪಾಯಿಯ ಕಾಗದ

ಮನೆಯಿಂದ ಮಾರುವವರಿಗೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಇದು ಬರೀ ಮನೆ’ ಎಂಬ ವಿನಾಯಿತಿ ಇಲ್ಲ. ವರ್ಷದ ವಹಿವಾಟು ಕಡಿಮೆ ಇರುವ ಸಣ್ಣವರಿಗೆ ದೊಡ್ಡ ಲೈಸೆನ್ಸಿನ ಗೊಡವೆ ಇಲ್ಲ, ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಪ್ರಾಧಿಕಾರದ ‘ಫಾಸ್‌ಕಾಸ್’ ಜಾಲತಾಣದಲ್ಲಿ ಕರ್ನಾಟಕ ಆರಿಸಿ, ಫೋಟೊ ಮತ್ತು ಗುರುತಿನ ಚೀಟಿ ಏರಿಸಿದರೆ ಅರ್ಜಿ ಮುಗಿಯುತ್ತದೆ. ಏಜೆಂಟರ ಕೈಗೆ ಸಾವಿರಗಟ್ಟಲೆ ಕೊಡಬೇಕಾದ ಕೆಲಸ ಇದಲ್ಲ. ಏಳು ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಹೇಳಬೇಕು, ಇಲ್ಲವೇ ಬಂದು ನೋಡುತ್ತೇವೆ ಎನ್ನಬೇಕು ಎಂಬುದು ನಿಯಮ. ಸಿಗುವ ಸಂಖ್ಯೆ 14 ಅಂಕಿಯದು, ನೋಂದಣಿಯದಾದರೆ 2ರಿಂದ ಶುರುವಾಗುತ್ತದೆ. ಪಾಲಿಕೆಯ ವ್ಯಾಪಾರ ಪರವಾನಗಿಯ ಬಗ್ಗೆ ನಿಮ್ಮ ವಲಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ, ಆಮೇಲಿನ ಜಗಳಕ್ಕಿಂತ ಅದು ಅಗ್ಗ.

ಬಂದು ನೋಡಿದರೆ ಏನು ನೋಡುತ್ತಾರೆ? ನೀರು, ಕಸ, ಹುಳಹುಪ್ಪಡಿ, ನಿಮ್ಮ ಉಗುರು. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ನಮ್ಮ ಊರಿನಲ್ಲಿ ನೀರೇ ದೊಡ್ಡ ಮಾತು. ಕೇಕಿಗೆ, ಪಾತ್ರೆಗೆ ಬಳಸುವ ನೀರು ಮುಚ್ಚಿಟ್ಟ, ತೊಳೆದ ಪಾತ್ರೆಯಲ್ಲಿರಲಿ. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ.

ಚೀಟಿಯಲ್ಲಿ ಸುಳ್ಳು ಬೇಡ

ಗಿರಾಕಿ ಹೇಳಿ ಮಾಡಿಸಿದ ಕೇಕ್ ಬೇರೆ, ಮೊದಲೇ ಪ್ಯಾಕ್ ಮಾಡಿ ಅಂಗಡಿಗೆ ಇಡುವ ಬಿಸ್ಕೀಟು ಬೇರೆ. ಎರಡನೆಯದಕ್ಕೆ ಲೇಬಲ್ ಕಡ್ಡಾಯ: ಹೆಸರು, ಹೆಚ್ಚಿರುವುದು ಮೊದಲು ಬರುವಂತೆ ಸಾಮಾನಿನ ಪಟ್ಟಿ, ತೂಕ, ದರ, ಮಾಡಿದ ದಿನ, ಎಂದಿನವರೆಗೆ ತಿನ್ನಬಹುದು, ನಿಮ್ಮ ವಿಳಾಸ, ನೋಂದಣಿ ಸಂಖ್ಯೆ. ಗೋಧಿ, ಹಾಲು, ಶೇಂಗಾ ಇದ್ದರೆ ಅಲರ್ಜಿಯವರಿಗೆ ಕಾಣುವಂತೆ ಬರೆಯಿರಿ. ಮೊಟ್ಟೆ ಹಾಕಿದ್ದರೆ ಹಸಿರು ಚುಕ್ಕೆ ಹಚ್ಚುವಂತಿಲ್ಲ. ಚೌಕದೊಳಗೆ ಕಂದು ತ್ರಿಕೋನ ಬರಬೇಕು, ಬೇಕಿದ್ದರೆ ಪಕ್ಕದಲ್ಲಿ ‘ಮೊಟ್ಟೆ ಮಾತ್ರ ಇದೆ’ ಎಂದು ಸೇರಿಸಬಹುದು. ಎರಡೂ ಬಗೆ ಮಾಡುವವರು ಪಾತ್ರೆ, ಬೀಟರ್ ಬೇರೆಬೇರೆ ಇಡಿ. ನಮ್ಮ ಕಡೆ ಈ ನಂಬಿಕೆ ಒಮ್ಮೆ ಹೋದರೆ ಇಡೀ ಓಣಿ ಹೋದಂತೆ.

ಬಣ್ಣದ ವಿಷಯ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಆಗ ಸುದ್ದಿಯಾದವು. ಹನಿ ಎಣಿಸದೆ ಬಾಟಲಿ ಬಗ್ಗಿಸುವುದೇ ಮನೆಯಲ್ಲಿ ಆಗುವ ತಪ್ಪು. ನನ್ನ ಮಟ್ಟಿಗೆ ಕಡುಕೆಂಪು ಕೇಕ್ ಬೇಕೆಂದವರಿಗೆ ಇಲ್ಲ ಎನ್ನುತ್ತೇನೆ. ಗಜ್ಜರಿ, ಬೀಟ್‌ರೂಟ್ ಬಣ್ಣ ಒಪ್ಪಿದರೆ ಸರಿ.

ಹಂಚಿನ ಬುದ್ಧಿ ಓವನ್ನಿಗೆ

ಎಲ್ಲರೂ ಮಾಡುವ ಪೈನಾಪಲ್ ಕೇಕನ್ನೇ ನೀವೂ ಮಾಡಿದರೆ ಉಳಿಯುವುದು ದರದ ಜಗಳ. ನಮ್ಮ ಬೆನ್ನ ಹಿಂದೆಯೇ ಬೇರೆ ಸಾಮಾನು ಇದೆ. ಹುಗ್ಗಿ, ಮಾದಲಿಗೆ ಬಳಸುವ ಜವೆಗೋಧಿಯ ಡಿಡಿಕೆ ತಳಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಹೊರತಂದಿದೆ. ಅದರ ಜಿಗಿ (ಗ್ಲುಟೆನ್ ಎಂಬ ಅಂಟು) ಬಲಹೀನ, ಬ್ರೆಡ್ ಸರಿಯಾಗಿ ಏಳುವುದಿಲ್ಲ, ಆದರೆ ನಾನಕಟಾಯಿಗೆ ಬೇಕಾದದ್ದೇ ಆ ಪುಡಿಪುಡಿ ಗುಣ. ದೀಪಾವಳಿ ಮುಂದೆ ರವೆ, ಸಕ್ಕರೆ, ತುಪ್ಪ ಡಬ್ಬಿಯಲ್ಲಿ ತುಂಬಿಕೊಂಡು ಬೇಕರಿ ಭಟ್ಟಿಗೆ ಹೋಗಿ ನಾನಕಟಾಯಿ ಸುಡಿಸಿಕೊಂಡು ಬರುತ್ತಿದ್ದ ನೆನಪಿರುವವರು ಇದನ್ನು ಹುಡುಕಿಕೊಂಡು ಬರುತ್ತಾರೆ.

ಜೋಳದ ಹಿಟ್ಟಿಗೆ ಜಿಗಿಯೇ ಇಲ್ಲ. ಹಾಗೇ ಕಲಸಿದರೆ ಬಿಸ್ಕೀಟು ಕೈಯಲ್ಲೇ ಉದುರುತ್ತದೆ. ರೊಟ್ಟಿಗೆ ಕುದಿಯುವ ನೀರು ಹಾಕಿ ಹಿಟ್ಟಿಗೆ ಅಂಟು ಬರಿಸುತ್ತೇವಲ್ಲ, ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ಹಿಟ್ಟಿನ ಕಾಲುಭಾಗವನ್ನು ಕುದಿನೀರಿನಲ್ಲಿ ಕಲಸಿ ಆರಿಸಿ, ಉಳಿದದ್ದಕ್ಕೆ ಸೇರಿಸಿ. ಶೇಂಗಾ ಪುಡಿಯ ಎಣ್ಣೆಯೂ ಹಿಡಿದಿಡುತ್ತದೆ. ಆದರೆ ಅದಕ್ಕೆ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಡಿ. ಹಾಗೆ ಬರೆಯಲು ಕಿಲೋಗೆ 20 ಮಿಲಿಗ್ರಾಂ ಒಳಗಿನ ಮಿತಿ ಇದೆ, ಮೈದಾ ಹಾರಾಡುವ ಅಡುಗೆಮನೆಯಲ್ಲಿ ಅದು ಆಗದ ಮಾತು.

ಖಾರಾ ಬಿಸ್ಕೀಟಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ. ಖಾರ ಕಡಿಮೆ, ಬಣ್ಣ ಹೆಚ್ಚು, ಬಾಟಲಿ ಬಣ್ಣದ ಹಂಗಿಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಢೆ ಎರಡಕ್ಕೂ ಭೌಗೋಳಿಕ ಗುರುತು (ಜಿಐ) ಇದೆ. ಮನೆಯಲ್ಲಿ ಕಾಸಿದ ಖೋವಾ ಉಂಡೆಗೆ ಧಾರವಾಡ ಪೇಢೆ ಎಂಬ ಹೆಸರು ಹಚ್ಚಿ ಮಾರುವಂತಿಲ್ಲ.

ಎಷ್ಟು ದಿನ ಇರುತ್ತದೆ ಎಂಬುದನ್ನು ಊಹೆಯಿಂದ ಬರೆಯಬೇಡಿ. ಮಾರುವ ಡಬ್ಬಿಯಲ್ಲೇ ಹತ್ತು ಬಿಸ್ಕೀಟು ಇಟ್ಟು ಮೂರು ದಿನಕ್ಕೊಮ್ಮೆ ಒಂದು ತಿಂದು ವಹಿಯಲ್ಲಿ ಬರೆಯಿರಿ. ಮೆತ್ತಗಾದ ಅಥವಾ ಎಣ್ಣೆ ವಾಸನೆ ಬಂದ ದಿನಕ್ಕಿಂತ ಸಾಕಷ್ಟು ಹಿಂದಿನ ದಿನಾಂಕ ಹಾಕಿ. ಮಳೆಗಾಲದ ಧಾರವಾಡದಲ್ಲಿ ಬಂದ ಲೆಕ್ಕ ಬೇಸಿಗೆಯ ಗದಗಕ್ಕೆ ಹೊಂದುವುದಿಲ್ಲ, ಎರಡೂ ಋತುವಿನಲ್ಲಿ ಮಾಡಿ.

ದುಡ್ಡು

ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನೆನಪಿರಬಹುದು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ನಾವು ಅದರ ಹತ್ತಿರವೂ ಇಲ್ಲ. ಆದರೂ ಕೇಕಿನ ದುಡ್ಡು, ಬಿಶಿ (ಚೀಟಿ) ದುಡ್ಡು, ತಮ್ಮ ಕಳಿಸಿದ ದುಡ್ಡು ಒಂದೇ ಖಾತೆಗೆ ಬಿದ್ದರೆ ಬಿಡಿಸಿ ಹೇಳುವುದು ಯಾರು? ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಗೆ ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ, ಮಾಡಿಸಿಡಿ.

ಸಣ್ಣ ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರಕ್ಕೆ ಯೋಜನೆಯದು ಶೇ 35, ಮೇಲೆ ನಮ್ಮ ರಾಜ್ಯ ಸೇರಿಸುವುದು ಶೇ 15 ಸಹಾಯಧನ ಎಂದು ಗೊತ್ತುಮಾಡಲಾಗಿತ್ತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡದ್ದು ಎಂಬುದು ನೆನಪಿರಲಿ. ಮೊದಲ ವರ್ಷವೇ ಸಾಲ ಮಾಡಿ ದೊಡ್ಡ ಓವನ್ ತರುವುದು ನನಗಂತೂ ಒಪ್ಪಿಗೆಯಿಲ್ಲ.

ಮುಟ್ಟಿಸುವುದು

ಏಪ್ರಿಲ್–ಮೇನಲ್ಲಿ ಕ್ರೀಮು ಕೇಕನ್ನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮಧ್ಯಾಹ್ನ ಒಯ್ಯುವ ಧೈರ್ಯ ಮಾಡಬೇಡಿ. ಫ್ರಿಜ್ಜಿನಿಂದ ಹೊರಬಂದ ಕ್ರೀಮಿಗೆ ಎರಡು ತಾಸಿನ ಆಯುಷ್ಯ ಎಂದುಕೊಳ್ಳಿ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಏಳರ ಮೇಲೆ ಹೊರಡಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಡಬ್ಬಿ ಇಟ್ಟು ಕೆಳಗೆ ಒದ್ದೆ ಅರಿವೆ ಹಾಸಿದರೆ ಜಾರುವುದಿಲ್ಲ. ಎರಡು ಅಂತಸ್ತಿನ ಕೇಕಾದರೆ ಗಿರಾಕಿಯೇ ಕಾರು ತಂದು ಒಯ್ಯಲಿ, ಹಾಗೆಂದು ಆರ್ಡರ್ ಹಿಡಿಯುವಾಗಲೇ ಹೇಳಿ. ಕೊಡುವ ಮುಂದೆ ಒಂದು ಫೋಟೊ ತೆಗೆದುಕೊಳ್ಳಿ. ದಾರಿಯಲ್ಲಿ ಕೆಡಿಸಿಕೊಂಡವರು ಮೊದಲು ಬೈಯುವುದು ನಿಮ್ಮನ್ನೇ.

ಅರ್ಧ ಹಣ ಮುಂಗಡ, ಹೆಸರಿನ ಕಾಗುಣಿತ ಬರವಣಿಗೆಯಲ್ಲಿ, ಎರಡು ದಿನ ಮೊದಲು ಆರ್ಡರ್. ಬಳಗದವರಿಗೂ ಇದೇ. ಡಿಸೆಂಬರ್ ಕೊನೆಯ ವಾರ, ದೀಪಾವಳಿ, ಲಗ್ನಸರಾಯಿಯಲ್ಲಿ ದಿನಕ್ಕೆ ಎಷ್ಟು ಕೇಕ್ ಆಗುತ್ತದೆಂದು ಓವನ್ನಿನ ಲೆಕ್ಕದಿಂದಲೇ ಗೆರೆ ಎಳೆಯಿರಿ. ನನ್ನದು ಆರು. ಏಳನೆಯವರು ಫೋನ್ ಮಾಡಿದರೆ ನವನಗರದಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬಾಕೆಯ ನಂಬರ್ ಕೊಡುತ್ತೇನೆ. ಅವಳ ದರ ನನಗಿಂತ ಐವತ್ತು ರೂಪಾಯಿ ಹೆಚ್ಚು.