ಆರು ವೋಲ್ಟಿನ ಯೆಜ್ಡಿಗೆ ಡಿಜಿಟಲ್ ಮೀಟರ್ ಕೂರಿಸಿದ್ದು

ನನ್ನ ಯೆಜ್ಡಿ 250 ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1975ರಲ್ಲಿ ಹೊರಬಂದ ಬೈಕ್. ಎಂಜಿನ್ ಇವತ್ತಿಗೂ ಒಂದೇ ಕಿಕ್‌ಗೆ ಎದ್ದೇಳುತ್ತದೆ. ಸ್ಪೀಡೋಮೀಟರ್ ಮಾತ್ರ ಸೋತಿತ್ತು. ಮುಳ್ಳು 20ರಿಂದ 60ರ ನಡುವೆ ಓಲಾಡುತ್ತಿತ್ತು, ಕಿಲೋಮೀಟರ್ ಅಂಕಿ ಯಾವಾಗಲೋ ನಿಂತುಹೋಗಿತ್ತು. ಪೆಟ್ರೋಲ್ ಗೇಜ್ ಇಲ್ಲದ ಗಾಡಿಯಲ್ಲಿ ಎಷ್ಟು ಓಡಿದೆ ಅಂತ ಗೊತ್ತಿರಲೇಬೇಕು ಅಲ್ವಾ? ಅದಕ್ಕೇ ಡಿಜಿಟಲ್ ಮೀಟರ್ ತಂದೆ.

ಹೆಡ್‌ಲೈಟ್ ಡೂಮ್‌ಗೆ (ದೀಪದ ಗುಂಡನೆಯ ಕವಚಕ್ಕೆ) ಒಂದೂ ತೂತು ಕೊರೆಯಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಹಳೇ ಮೀಟರ್ ಇದ್ದಲ್ಲೇ ಇದೆ. ಹೊಸದನ್ನು ಹ್ಯಾಂಡಲ್‌ಗೆ ಕ್ಲಾಂಪ್ ಹಾಕಿ ಕೂರಿಸಿದ್ದೇನೆ.

ಮೀಟರಿಗೆ 12 ವೋಲ್ಟ್ ಬೇಕು, ಗಾಡಿಯದು 6. ಇಡೀ ಗಾಡಿಯನ್ನೇ 12ಕ್ಕೆ ಬದಲಿಸು ಅಂದವರಿದ್ದರು. ಮೀಟರ್ ಎಳೆಯುವುದು ಬರೀ ಎರಡು ವ್ಯಾಟ್. ಅಷ್ಟಕ್ಕೆ ಡೈನಮೋ, ಕಾಯಿಲ್, ಹಾರ್ನ್, ಬಲ್ಬ್ ಎಲ್ಲ ಕಿತ್ತುಹಾಕಲು ನನಗೆ ಮನಸ್ಸು ಬರಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಬೂಸ್ಟರ್ ಬೋರ್ಡ್ ಸಿಗುತ್ತದೆ. 6 ವೋಲ್ಟ್ ಕೊಟ್ಟರೆ 12 ಮಾಡುತ್ತದೆ. ಮೀಟರ್ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು, ಬೋರ್ಡಿನ ಸ್ಕ್ರೂ ತಿರುಗಿಸಿ 12ಕ್ಕೆ ನಿಲ್ಲಿಸಬೇಕು. ನನ್ನ ಬೋರ್ಡ್ ಮೊದಲಿಗೆ 20ಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಹಾಗೇ ಜೋಡಿಸಿದ್ದರೆ ಮೀಟರ್ ಸುಟ್ಟುಹೋಗುತ್ತಿತ್ತು. ಅರ್ತ್ ಯಾವುದು, ಅಂದರೆ ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆ ಅಂತಲೂ ನೋಡಿಕೊಳ್ಳಿ. ನನ್ನದರಲ್ಲಿ ನೆಗೆಟಿವ್ ಚಾಸಿಗೆ ಇದೆ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಹೆಚ್ಚಾಗಿ ಪಾಸಿಟಿವ್ ಇರುತ್ತದೆ.

ಮೀಟರ್ ಬೆಳಗಿತು. ಹಾರ್ನ್ ಒತ್ತಿದೆ, ಆರಿಹೋಯಿತು. ಮತ್ತೆ ಹತ್ತಿತು. ಮತ್ತೆ ಒತ್ತಿದೆ, ಮತ್ತೆ ಆರಿತು. ಎರಡು ಭಾನುವಾರ ಇದರಲ್ಲೇ ಹೋಯಿತು. ಬ್ಯಾಟರಿ ಹಳತಾಯಿತು ಅಂದುಕೊಂಡೆ. ಆದರೆ ಹಾರ್ನ್ ಒತ್ತಿ ಅಳೆದಾಗ ಬ್ಯಾಟರಿ ಬಳಿ 5.9 ವೋಲ್ಟ್, ಬೂಸ್ಟರ್ ಬಳಿ ಬರೀ 4.6. ನಡುವಿನ 1.3 ವೋಲ್ಟ್ ಹಳೇ ಕೀ ಸ್ವಿಚ್ಚಿನಲ್ಲೂ ಅರ್ತಿನಲ್ಲೂ ಸೋರಿಹೋಗುತ್ತಿತ್ತು. ಹ್ಯಾಂಡಲ್ಲಿನ ಅರ್ತ್ ಹ್ಯಾಂಡಲ್ ತಿರುಗುವ ಜಾಗದ ಗ್ರೀಸ್ ತುಂಬಿದ ಬಾಲ್‌ರೇಸ್ ದಾಟಿಯೇ ಚಾಸಿಗೆ ಬರಬೇಕು. 12 ವೋಲ್ಟಿನ ಗಾಡಿ ಇಷ್ಟು ನಷ್ಟವನ್ನು ಸಹಿಸಿಕೊಳ್ಳುತ್ತದೆ, 6 ವೋಲ್ಟಿನದಕ್ಕೆ ಆಗಲ್ಲ.

ಬೂಸ್ಟರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ನೇರವಾಗಿ ಬೇರೆ ವೈರ್ ಎಳೆದೆ. ಪಾಸಿಟಿವ್ ಕೂಡ ಬ್ಯಾಟರಿಯಿಂದಲೇ, 1 ಆಂಪಿಯರ್ ಫ್ಯೂಸ್ ಮತ್ತು ಪುಟ್ಟ 6 ವೋಲ್ಟ್ ರಿಲೇ (ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್) ಮೂಲಕ. ಕೀ ಈಗ ರಿಲೇಯನ್ನು ಮಾತ್ರ ಎಬ್ಬಿಸುತ್ತದೆ. ಬೂಸ್ಟರ್ ಮುಂದೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಶಾಟ್ಕಿ ಡಯೋಡ್, ಅದರಾಚೆ ಸ್ವಲ್ಪ ಕರೆಂಟ್ ಕೂಡಿಟ್ಟುಕೊಳ್ಳುವ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಈಗ ಎಷ್ಟು ಹಾರ್ನ್ ಹೊಡೆದರೂ ಮೀಟರ್ ಕದಲುವುದಿಲ್ಲ.

ಗಡಿಯಾರಕ್ಕಾಗಿ ಸದಾ ಕರೆಂಟ್ ಕೊಡುವ ವೈರನ್ನೂ ಕೀ ಲೈನಿಗೇ ಸೇರಿಸಿದ್ದೇನೆ. ಸದಾ ಕರೆಂಟ್ ಇಟ್ಟಾಗ, ಗಾಡಿ ನಿಂತಿದ್ದರೂ ಬೂಸ್ಟರ್ 15 ಮಿಲಿಆಂಪಿಯರ್ ಎಳೆಯುತ್ತಿತ್ತು. ತಿಂಗಳಿಗೆ ಸುಮಾರು 11 ಆಂಪಿಯರ್ ಅವರ್ ಆಯಿತು. ನನ್ನ ಬ್ಯಾಟರಿ ಇರುವುದೇ 12! ಸಮಯ ಅಳಿಸಿಹೋಗುತ್ತದೆ, ಕಿಲೋಮೀಟರ್ ಉಳಿಯುತ್ತದೆ. ಅಷ್ಟು ಸಾಕು.

ಇನ್ನೊಂದು ವಿಷಯ. ಮೀಟರಿನೊಳಗಿನ ವೋಲ್ಟ್ ಅಂಕಿಯನ್ನು ನಂಬಬೇಡಿ. ಅದು ಬೂಸ್ಟರಿನ 12ನ್ನೇ ಸದಾ ತೋರಿಸುತ್ತದೆ. ಡೈನಮೋ ಚಾರ್ಜ್ ಮಾಡುತ್ತಿದೆಯಾ ಅಂತ ನೋಡಲು ಬ್ಯಾಟರಿಗೇ ಒಂದು ಸಣ್ಣ ವೋಲ್ಟ್‌ಮೀಟರ್ ಹಾಕಿದ್ದೇನೆ. ಎಂಜಿನ್ ರೇಸ್ ಮಾಡಿದರೆ 7 ದಾಟುತ್ತದೆ. ಡೂಮ್ ಮೇಲಿನ ಕೆಂಪು ಚಾರ್ಜಿಂಗ್ ದೀಪವನ್ನು ಹಾಗೇ ಬಿಟ್ಟಿದ್ದೇನೆ.

ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ವೈರನ್ನು ಕಾಯಿಲ್‌ಗೆ ನೇರವಾಗಿ ಕಟ್ಟಬಾರದು. ಪಾಯಿಂಟ್ (ಕಿಡಿ ಹುಟ್ಟಿಸುವ ಸ್ವಿಚ್) ತೆರೆದಾಗ ಅಲ್ಲಿ ನೂರಾರು ವೋಲ್ಟ್ ಚಿಮ್ಮುತ್ತದೆ. ಅದನ್ನು ಪ್ಲಗ್ ವೈರಿನ ಮೇಲೆ ಐದಾರು ಸುತ್ತು ಸುತ್ತಿದೆ, ಸಾಕಾಯಿತು. ಮೊದಲು ಐಡಲ್‌ನಲ್ಲಿ 600 ತೋರಿಸಿತು. ಕಿವಿಗೆ ಅದು 1200ರ ಸದ್ದು. ಟೂ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಒಂದು ಕಿಡಿ, ಮೀಟರಿನ ಸೆಟ್ಟಿಂಗ್ ಎರಡು ಕಿಡಿಗಿತ್ತು. ಸರಿಪಡಿಸಿದೆ.

ವೇಗಕ್ಕೆ ಮುಂದಿನ ಚಕ್ರಕ್ಕೆ ಮ್ಯಾಗ್ನೆಟ್, ಫೋರ್ಕಿಗೆ ಸೆನ್ಸರ್. 16 ಇಂಚಿನ ಚಕ್ರದ ಸುತ್ತಳತೆಯನ್ನು ಲೆಕ್ಕದಿಂದ ಹಾಕಬೇಡಿ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ಮೇಲೆ ಕೂತು, ಒಂದು ಸುತ್ತು ಉರುಳಿಸಿ ಅಳೆಯಿರಿ. ನನಗೆ 1,760 ಮಿಲಿಮೀಟರ್ ಬಂತು.

ಪೆಟ್ರೋಲ್ ಗೆರೆ ಮಾತ್ರ ಸದಾ ಖಾಲಿ ಅಂತ ಮಿನುಗುತ್ತದೆ, ಟ್ಯಾಂಕಿನಲ್ಲಿ ಫ್ಲೋಟ್ ಇಲ್ಲವಲ್ಲ. ಬಂಕಿನಲ್ಲಿ ಆಯಿಲ್ ಬೆರೆಸಿ ತುಂಬಿಸಿದ ಕೂಡಲೇ ಟ್ರಿಪ್ ಸೊನ್ನೆ ಮಾಡಿಕೊಳ್ಳುತ್ತೇನೆ.