ಮೆಮೊರಿ ಸೋರುತ್ತಿದೆಯೇ? ಮೊದಲು ಸರಿಯಾಗಿ ಅಳೆಯಿರಿ

ಲಿನಕ್ಸ್ ಸರ್ವರ್ ನಿಧಾನವಾಯಿತು ಎಂದರೆ ಸಾಕು, ಮೆಮೊರಿ ಲೆಕ್ಕ ತೋರಿಸುವ ‘ಫ್ರೀ’ ಆದೇಶ ಕೊಟ್ಟು, ಖಾಲಿ ಜಾಗ 300 ಎಂಬಿ ಮಾತ್ರ ಎಂದು ಕಂಡು, ಗಾಬರಿಯಿಂದ ಯಂತ್ರವನ್ನೇ ರೀಸ್ಟಾರ್ಟ್ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಸೋರಿಕೆ (ಪ್ರೋಗ್ರಾಂ ಪಡೆದ ಮೆಮೊರಿಯನ್ನು ಮರಳಿಸದೆ ಉಳಿಸಿಕೊಳ್ಳುತ್ತಾ ಹೋಗುವುದು) ಇದ್ದರೆ ಅದರ ಗುರುತೂ ಆ ರೀಸ್ಟಾರ್ಟ್ ಜೊತೆಗೇ ಅಳಿಸಿಹೋಗುತ್ತದೆ.

ಮೊದಲ ಹೆಜ್ಜೆ ಸುಲಭ: ‘ಫ್ರೀ’ ಕಾಲಂ ಬಿಟ್ಟು ‘ಅವೈಲಬಲ್’ ಕಾಲಂ ನೋಡಿ. ಬಳಕೆಯಲ್ಲಿಲ್ಲದ ರ‍್ಯಾಮನ್ನು ಲಿನಕ್ಸ್ ಫೈಲುಗಳ ಕ್ಯಾಶ್‌ಗೆ (ಡಿಸ್ಕ್‌ನಿಂದ ಓದಿದ್ದರ ತಾತ್ಕಾಲಿಕ ಪ್ರತಿಗೆ) ಹಚ್ಚಿರುತ್ತದೆ, ಪ್ರೋಗ್ರಾಂ ಕೇಳಿದಾಗ ಬಿಟ್ಟುಕೊಡುತ್ತದೆ. ಗಂಟೆಗೊಮ್ಮೆ ಕ್ಯಾಶ್ ತೆರವು ಮಾಡುವ ಸ್ಕ್ರಿಪ್ಟ್ ಹಾಕಿಕೊಂಡಿದ್ದರೆ ಇಂದೇ ತೆಗೆಯಿರಿ. ಅದರಿಂದ ಡಿಸ್ಕ್‌ಗೆ ಕೆಲಸ ಹೆಚ್ಚುತ್ತದೆ, ಅಷ್ಟೇ. ಮೊಬೈಲಿನ ‘ರ‍್ಯಾಮ್ ಬೂಸ್ಟರ್’ ಆ್ಯಪ್‌ಗಳದ್ದೂ ಇದೇ ಕಥೆ. ಅವುಗಳಿಗೆ ದುಡ್ಡು ಕೊಡಬೇಡಿ.

ಎಲ್ಲರೂ ಎಡವುವುದು ಎರಡನೆಯ ಹೆಜ್ಜೆಯಲ್ಲಿ, ಒಂದು ಪ್ರೋಗ್ರಾಂ ನಿಜವಾಗಿ ಎಷ್ಟು ಮೆಮೊರಿ ಹಿಡಿದಿದೆ ಎಂದು ಅಳೆಯುವಾಗ. ಮೆಮೊರಿ ಕೇಳುವ ಸಿ ಫಂಕ್ಷನ್ ಆದ ಮ್ಯಾಲಾಕ್ ಕರೆದೊಡನೆ ರ‍್ಯಾಮ್ ಸಿಕ್ಕಿತು ಎಂದುಕೊಳ್ಳುತ್ತಾರೆ. ಸಿಗುವುದು ವಿಳಾಸ ಮಾತ್ರ. ಮದುವೆ ಮನೆಯಲ್ಲಿ ಎಲೆ ಹಾಕಿದಾಕ್ಷಣ ಅನ್ನ ಬೀಳುವುದಿಲ್ಲ, ಉಣ್ಣುವವನು ಬಂದು ಕೂತ ಮೇಲೆ ಬಡಿಸುತ್ತಾರೆ. ನಂಬಿಕೆಯಾಗದಿದ್ದರೆ ಸಿ ಭಾಷೆಯಲ್ಲಿ ಹತ್ತು ಸಾಲು ಬರೆದು ನೋಡಿ. 1 ಜಿಬಿ ಮ್ಯಾಲಾಕ್ ಮಾಡಿ, ಅರ್ಧ ನಿಮಿಷ ಸುಮ್ಮನಿರಿಸಿ. ಪ್ರೋಗ್ರಾಂಗಳ ಬಳಕೆ ತೋರಿಸುವ ‘ಟಾಪ್’ ಆದೇಶದಲ್ಲಿ ವರ್ಚುವಲ್ ಅಂಕಿ (ಪಡೆದ ವಿಳಾಸಗಳ ಲೆಕ್ಕ) 1 ಜಿಬಿ ದಾಟಿರುತ್ತದೆ, ರೆಸಿಡೆಂಟ್ ಅಂಕಿ (ನಿಜವಾಗಿ ಹಿಡಿದ ಮೆಮೊರಿ) ಒಂದೆರಡು ಎಂಬಿಯಲ್ಲೇ ನಿಂತಿರುತ್ತದೆ. ಈಗ ಪ್ರತಿ 4,096 ಬೈಟಿಗೆ ಒಂದು ಬೈಟ್ ಬರೆಯುತ್ತಾ ಹೋಗಿ. ಸಾಮಾನ್ಯ ಪಿಸಿಯಲ್ಲಿ ಒಂದು ಪೇಜ್, ಅಂದರೆ ಮೆಮೊರಿ ಹಂಚುವ ಒಂದು ತುಂಡು, ಅಷ್ಟೇ ದೊಡ್ಡದು. 1 ಜಿಬಿಯಲ್ಲಿ ಇಂಥ 2,62,144 ಪೇಜ್‌ಗಳು. ಮುಟ್ಟದ ಪೇಜನ್ನು ಮುಟ್ಟಿದಾಗ ಪೇಜ್ ಫಾಲ್ಟ್ (ಇಲ್ಲಿ ಮೆಮೊರಿ ಇನ್ನೂ ಕೊಟ್ಟಿಲ್ಲ ಎಂಬ ಸೂಚನೆ) ಆಗಿ ಕರ್ನಲ್ (ಲಿನಕ್ಸ್‌ನ ತಿರುಳು) ನಿಜವಾದ ರ‍್ಯಾಮ್ ಒದಗಿಸುತ್ತದೆ, ರೆಸಿಡೆಂಟ್ ಅಂಕಿ ಕಣ್ಣೆದುರೇ ಏರುತ್ತದೆ. ಓದಿದರೆ ಸಾಲದು, ಬರೆಯಲೇಬೇಕು: ಬರೀ ಓದುವ ಪೇಜ್‌ಗಳಿಗೆಲ್ಲ ಕರ್ನಲ್ ಸೊನ್ನೆ ತುಂಬಿದ ಒಂದೇ ಪೇಜನ್ನು ತೋರಿಸಿ ಸಾಗಹಾಕುತ್ತದೆ. ಇನ್ನೊಂದು ಎಚ್ಚರಿಕೆ, ಆಪ್ಟಿಮೈಸೇಷನ್ ಇಲ್ಲದೆ ಕಂಪೈಲ್ ಮಾಡಿ. ಬಳಸದ ಮ್ಯಾಲಾಕನ್ನು ಜಾಣ ಕಂಪೈಲರ್ ಕಿತ್ತುಹಾಕಿಬಿಡಬಹುದು.

ಕೊನೆಗೆ ಫ್ರೀ ಫಂಕ್ಷನ್ ಕರೆಯಿರಿ, ಅಂಕಿ ಇಳಿಯುತ್ತದೆ. ಆದರೆ ಅದೇ 1 ಜಿಬಿಯನ್ನು ನೂರು ಬೈಟಿನ ತುಣುಕುಗಳಾಗಿ ಪಡೆದು, ನಡುನಡುವೆ ಕೆಲವನ್ನು ಉಳಿಸಿ ಮಿಕ್ಕದ್ದನ್ನು ಬಿಡಿ. ಅಂಕಿ ಅಲುಗುವುದೇ ಕಷ್ಟ. ಚಿಕ್ಕ ತುಣುಕುಗಳನ್ನು ಜಿಲಿಬ್‌ಸಿ (ಮ್ಯಾಲಾಕ್ ಇರುವ ಲಿನಕ್ಸ್‌ನ ಸಿ ಲೈಬ್ರರಿ) ಮುಂದಿನ ಬಳಕೆಗೆಂದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಇದನ್ನೇ ಸೋರಿಕೆ ಎಂದು ಕರೆದು ವಾರಗಟ್ಟಲೆ ಕೋಡ್ ಜಾಲಾಡುವವರಿದ್ದಾರೆ. ಅಂಕಿ ಏರಿ ಒಂದು ಕಡೆ ನಿಂತರೆ ಬಿಟ್ಟುಬಿಡಿ. ಒಂದೇ ಬಗೆಯ ಕೆಲಸಕ್ಕೆ ದಿನವಿಡೀ ಏರುತ್ತಲೇ ಇದ್ದರೆ ಮಾತ್ರ ಅನುಮಾನಿಸಿ.

ಹಲವು ಪ್ರೊಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಲೆಕ್ಕ ಕೂಡಿಸುವಾಗ ಆರ್‌ಎಸ್‌ಎಸ್ (ಮೇಲಿನ ರೆಸಿಡೆಂಟ್ ಅಂಕಿ) ಬೇಡ, ಪಿಎಸ್‌ಎಸ್ (ಹಂಚಿಕೊಂಡದ್ದನ್ನು ಪಾಲು ಮಾಡಿ ಎಣಿಸುವ ಅಂಕಿ) ಬಳಸಿ. ಹಂಚಿಕೊಂಡ ಲೈಬ್ರರಿಗಳನ್ನು ಆರ್‌ಎಸ್‌ಎಸ್ ಪ್ರತಿಯೊಬ್ಬರ ಹೆಸರಿನಲ್ಲೂ ಪೂರ್ತಿ ಬರೆಯುತ್ತದೆ.

ಸೋರಿಕೆ ಖಚಿತವೆನಿಸಿದರೆ ಕಂಪೈಲರಿನ ತಪಾಸಣೆ ಸೌಲಭ್ಯವಾದ ಅಡ್ರೆಸ್ ಸ್ಯಾನಿಟೈಸರ್ ಸೇರಿಸಿ ಮತ್ತೆ ಕಂಪೈಲ್ ಮಾಡಿ. ಮತ್ತೆ ಕಂಪೈಲ್ ಮಾಡದೆಯೇ ತಪಾಸಿಸುವ ವ್ಯಾಲ್‌ಗ್ರೈಂಡ್ ಒಳ್ಳೆಯದೇ, ಆದರೆ ಪ್ರೋಗ್ರಾಂ ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗುತ್ತದೆ. ಸ್ಯಾನಿಟೈಸರ್‌ನಲ್ಲಿ ಸುಮಾರು ಎರಡು ಪಟ್ಟು. ಮೂಲ ಕೋಡ್ ಕೈಯಲ್ಲಿಲ್ಲದಾಗ ಮಾತ್ರ ನಾನು ವ್ಯಾಲ್‌ಗ್ರೈಂಡ್ ಮುಟ್ಟುತ್ತೇನೆ.

ಪ್ರೋಗ್ರಾಂ ಒಂದು ಸಾಲು ಲಾಗ್ ಕೂಡ ಬರೆಯದೆ ಸತ್ತಿದ್ದರೆ ನಿರ್ಗಮನ ಸಂಖ್ಯೆ ನೋಡಿ. 137 ಎಂದರೆ 128ಕ್ಕೆ 9 ಸೇರಿದ್ದು, ಅಂದರೆ ಸಿಗ್‌ಕಿಲ್, ಬಲವಂತವಾಗಿ ಕೊಲ್ಲುವ ಸಂಕೇತ. ಬಹುಶಃ ಇದ್ದ ಅನ್ನಕ್ಕಿಂತ ಹೆಚ್ಚು ಎಲೆ ಹಾಕಿದ್ದಾಗಿದೆ, ಎಲ್ಲರೂ ಒಟ್ಟಿಗೆ ಕೂತಿದ್ದಾರೆ, ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೊಸೆಸ್ ಒಂದನ್ನು ಕೊಲ್ಲುವ ಕರ್ನಲ್ ಭಾಗ) ಒಬ್ಬನನ್ನು ಎಬ್ಬಿಸಿ ಕಳುಹಿಸಿದೆ. ಹೊರಬಿದ್ದವನೇ ಹೆಚ್ಚು ಉಂಡವನಾಗಿರಬೇಕೆಂದಿಲ್ಲ. ಅವನ ಹೆಸರು ಕರ್ನಲ್ ಲಾಗ್‌ನಲ್ಲಿರುತ್ತದೆ, ಜೊತೆಗೆ ಆ ಹೊತ್ತಿಗೆ ಯಾರು ಎಷ್ಟು ಹಿಡಿದಿದ್ದರು ಎಂಬ ಪಟ್ಟಿಯೂ ಇರುತ್ತದೆ. ಕಂಟೇನರ್ (ಮಿತಿ ಹಾಕಿ ಪ್ರತ್ಯೇಕವಾಗಿಟ್ಟ ಪ್ರೊಸೆಸ್ ಗುಂಪು) ಒಳಗಾದರೆ ಯಂತ್ರದಲ್ಲಿ ಜಾಗ ಧಾರಾಳವಾಗಿದ್ದರೂ ಕಂಟೇನರಿನ ಮಿತಿ ಮುಗಿದೊಡನೆ ಇದೇ ಗತಿ, ಹಾಗಾಗಿ ಆ ಮಿತಿಯನ್ನು ನೋಡಿಕೊಂಡ ಮೇಲೆಯೇ ಲಾಗ್ ತೆರೆಯಿರಿ.