ಬೆಂಗಳೂರಿನಲ್ಲಿ ಎಸಿ ಎಂಜಿನಿಯರಿಂಗ್ ಕೆಲಸ: ಎಲ್ಲಿ ಕಲಿಯಬೇಕು, ಏನನ್ನು ಅಳೆಯಬೇಕು

ಬೆಂಗಳೂರಿನಲ್ಲಿ ಮನೆಯ ಎಸಿಗೆ ಜೋರು ಕೆಲಸ ಇರುವುದು ಶಿವರಾತ್ರಿ ಕಳೆದ ಮೇಲಿನ ಮೂರು ತಿಂಗಳು. ಜೂನ್ ಮಳೆ ಹಿಡಿಯಿತೆಂದರೆ ಸರ್ವೀಸ್ ಹುಡುಗರ ಫೋನ್ ಸುಮ್ಮನಾಗುತ್ತದೆ. ಆದರೆ ಆಸ್ಪತ್ರೆಯ ಆಪರೇಷನ್ ಥಿಯೇಟರ್, ಬೊಮ್ಮಸಂದ್ರ ಜಿಗಣಿ ಕಡೆಯ ಔಷಧ ಕಾರ್ಖಾನೆ, ವೈಟ್‌ಫೀಲ್ಡ್‌ನ ಡೇಟಾ ಸೆಂಟರ್, ನೆಲದಡಿಯ ಮೆಟ್ರೊ ನಿಲ್ದಾಣ, ಇವುಗಳ ಯಂತ್ರ ಡಿಸೆಂಬರ್ ರಾತ್ರಿಯಲ್ಲೂ ಓಡುತ್ತಿರಬೇಕು. ಈ ದಾರಿ ಹಿಡಿಯುವವರು ಮೊದಲ ದಿನದಿಂದಲೇ ಎರಡನೇ ಬಗೆಯ ಕೆಲಸದ ಮೇಲೆ ಕಣ್ಣಿಡಲಿ. ಮನೆ ಎಸಿಯಲ್ಲಿ ಕೈ ಪಳಗಿಸಿಕೊಳ್ಳಿ, ಅಲ್ಲೇ ನಿಂತುಬಿಡಬೇಡಿ.

ತಂಪು ಮಾಡುವುದು ಈ ವಿದ್ಯೆಯ ಒಂದು ಭಾಗ ಅಷ್ಟೆ. ಗಾಳಿಯ ಉಷ್ಣ, ತೇವ, ಶುದ್ಧಿ, ಒತ್ತಡ ನಾಲ್ಕನ್ನೂ ಹದಕ್ಕೆ ತರುವುದು ಪೂರ್ತಿ ಕೆಲಸ. ಮಳೆಗಾಲದಲ್ಲಿ ಮಾತ್ರೆ ತಯಾರಿಸುವ ಕೋಣೆಯ ತೇವ ಇಳಿಸಲು ಗಾಳಿಯನ್ನು ಮೊದಲು ಅತಿಯಾಗಿ ತಣಿಸಿ ನೀರು ಬಸಿಯುತ್ತಾರೆ, ಆಮೇಲೆ ಬಿಸಿನೀರಿನ ಕಾಯಿಲ್ ಹಾಯಿಸಿ ಮತ್ತೆ ಬೆಚ್ಚಗೆ ಮಾಡುತ್ತಾರೆ. ಕೋಣೆ ಕಾಯಿಸುವಷ್ಟು ಚಳಿ ಇಲ್ಲದ ಊರಿನಲ್ಲೂ ಹೀಟಿಂಗ್ ಕಲಿಯಬೇಕಾದ್ದು ಇದಕ್ಕೇ. ಹೋಟೆಲು, ಹಾಸ್ಟೆಲುಗಳಲ್ಲಿ ಬಿಸಿನೀರು ಕೊಡುವ ಹೀಟ್ ಪಂಪ್ ಇನ್ನೊಂದು ಕಾರಣ.

ಯಾವ ಬಾಗಿಲಿನಿಂದ ಒಳಗೆ

ಎಸ್ಸೆಸ್ಸೆಲ್ಸಿ ಮುಗಿಸಿ ಬೇಗ ದುಡಿಮೆಗೆ ಇಳಿಯಬೇಕಾದವರಿಗೆ ಐಟಿಐನಲ್ಲಿ ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್ ಟೆಕ್ನಿಷಿಯನ್ ಎಂಬ ಎರಡು ವರ್ಷದ ಟ್ರೇಡ್ ಇದೆ. ಹಳಬರ ಬಾಯಲ್ಲಿ ಅದು ಇನ್ನೂ ಎಂಆರ್‌ಎಸಿ. ಸೇರುವ ಮುಂಚೆ ಐಟಿಐಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ಈ ಟ್ರೇಡ್‌ಗೆ ಇದೆಯೇ ಎಂದು ಕೇಳಿ. ವರ್ಕ್‌ಶಾಪ್ ನೋಡದೆ ಫೀಸು ಕಟ್ಟಬೇಡಿ. ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್, ತಾಮ್ರದ ಪೈಪು ಬೆಸೆಯುವ ಬ್ರೇಜಿಂಗ್ ಸೆಟ್ ಬಳಕೆಯಲ್ಲಿವೆಯೇ ಅಥವಾ ಧೂಳು ಹಿಡಿದಿವೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಇನ್ವರ್ಟರ್ ಎಸಿಯ ಬೋರ್ಡ್ ಬಿಚ್ಚಿ ತೋರಿಸುವ ಮೇಷ್ಟ್ರು ಇದ್ದರೆ ಅಂಥ ಕಡೆ ಸ್ವಲ್ಪ ದೂರವಾದರೂ ಸೇರಿ. ಟ್ರೇಡ್ ಟೆಸ್ಟ್ ಆದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್ ಆಗಬಹುದು. ಅದಕ್ಕೆ ಚಿಲ್ಲರ್ (ಇಡೀ ಕಟ್ಟಡಕ್ಕೆ ನೀರು ತಣಿಸಿ ಕಳಿಸುವ ದೊಡ್ಡ ಯಂತ್ರ) ಇರುವ ಕಾರ್ಖಾನೆ ಅಥವಾ ದೊಡ್ಡ ಆಸ್ಪತ್ರೆಯನ್ನೇ ಹುಡುಕಿ.

ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ಬಾಗಿಲು. ಎರಡು ವರ್ಷದ ಐಟಿಐ ಮಾಡಿದವರು ಇದರ ಎರಡನೇ ವರ್ಷಕ್ಕೇ ಲ್ಯಾಟರಲ್ ಎಂಟ್ರಿ ಪಡೆಯಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಐಟಿಐ, ಡಿಪ್ಲೊಮಾ, ಬಿಇ ಎಂದು ಮೆಟ್ಟಿಲು ಹತ್ತಿ ಬಂದವರಿಗೆ ಸೈಟ್‌ನಲ್ಲಿ ಇರುವ ಬೆಲೆಯೇ ಬೇರೆ: ಪೈಪು ಬಾಗಿಸಲೂ ಗೊತ್ತು, ಹೀಟ್ ಲೋಡ್, ಅಂದರೆ ಕೋಣೆಯಿಂದ ತೆಗೆಯಬೇಕಾದ ಶಾಖದ ಲೆಕ್ಕ ಹಾಕಲೂ ಗೊತ್ತು.

ನೇರ ಬಿಇ ಮಾಡಿದವರಿಗೆ ಥರ್ಮೋಡೈನಾಮಿಕ್ಸ್ ಬರುತ್ತದೆ, ಡಕ್ಟ್ (ಗಾಳಿ ಸಾಗಿಸುವ ತಗಡಿನ ಕೊಳವೆ) ಡ್ರಾಯಿಂಗ್ ಬರುವುದಿಲ್ಲ. ಗಾಳಿಯ ಉಷ್ಣ, ತೇವ ತೋರಿಸುವ ಸೈಕ್ರೋಮೆಟ್ರಿಕ್ ಚಾರ್ಟ್ ಓದುವುದು, ಹೀಟ್ ಲೋಡ್ ಶೀಟ್ ಕೈಯಲ್ಲೇ ತುಂಬುವುದು, ಡ್ರಾಯಿಂಗ್ ಸಾಫ್ಟ್‌ವೇರ್‌ಗಳಾದ ಆಟೋಕ್ಯಾಡ್, ರೆವಿಟ್, ಈ ನಾಲ್ಕನ್ನು ಕೊನೆಯ ವರ್ಷ ಮುಗಿಯುವುದರೊಳಗೆ ಕಲಿಯಿರಿ. ಸಾಫ್ಟ್‌ವೇರ್‌ಗೆ ಮುಂಚೆ ಕೈಲೆಕ್ಕ ಆಗಬೇಕು, ಇಲ್ಲದಿದ್ದರೆ ತಪ್ಪು ಉತ್ತರ ಬಂದಾಗ ತಪ್ಪು ಎಂದು ಗೊತ್ತಾಗುವುದಿಲ್ಲ. 1981ರಲ್ಲಿ ಶುರುವಾದ ಇಶ್ರೇ ಈ ಕ್ಷೇತ್ರದ ಎಂಜಿನಿಯರುಗಳ ಸಂಘ. ಬೆಂಗಳೂರಿನಲ್ಲಿ ಅದರ ಚಾಪ್ಟರ್ ಇದೆ, ವಿದ್ಯಾರ್ಥಿಗಳಿಗೂ ಸದಸ್ಯತ್ವ ಇದೆ. ಕನ್ಸಲ್ಟೆಂಟ್‌ಗಳ ಪರಿಚಯ ಆಗುವುದು ಅಲ್ಲಿ.

ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರತೀರದ ಶೇ 90ರಷ್ಟು, ಗಾಳಿಯೂ ಅಷ್ಟೇ ತೆಳು. ಪುಸ್ತಕಗಳಲ್ಲಿ ಗಾಳಿಯ ಪ್ರಮಾಣದ ಸೂತ್ರಕ್ಕೆ (ಉಷ್ಣದ ಹೊರೆ ÷ (ಗುಣಕ × ಉಷ್ಣಾಂಶದ ವ್ಯತ್ಯಾಸ)) 1.08 ಎಂಬ ಗುಣಕ ಕೊಟ್ಟಿರುತ್ತಾರೆ, ಅದು ಸಮುದ್ರಮಟ್ಟದ್ದು. ಇಲ್ಲಿ 0.97 ಹಿಡಿಯಬೇಕು. ಒಂದು ಹಾಲ್‌ನ ಒಣ ಉಷ್ಣದ (ತೇವದ ಲೆಕ್ಕ ಬಿಟ್ಟ) ಹೊರೆ ಗಂಟೆಗೆ 24,000 ಬಿಟಿಯು (ಶಾಖದ ಅಳತೆ), ಕೋಣೆಗೂ ಸಪ್ಲೈ ಗಾಳಿಗೂ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಎಂದುಕೊಳ್ಳಿ. 1.08 ಹಾಕಿದರೆ 1,111 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ ಗಾಳಿ) ಬರುತ್ತದೆ, 0.97 ಹಾಕಿದರೆ 1,237. ಈ 126 ಸಿಎಫ್‌ಎಂ ಬಿಟ್ಟುಹೋದ ಕಟ್ಟಡದಲ್ಲಿ ಡಕ್ಟ್‌ನ ಕೊನೆಯ ಡಿಫ್ಯೂಸರ್ (ಗಾಳಿ ಹೊರಬರುವ ಬಾಯಿ) ಕೆಳಗೆ ಕೂತವರು ಸೆಕೆ ಎಂದು ದೂರುತ್ತಲೇ ಇರುತ್ತಾರೆ, ಸರ್ವೀಸ್‌ನವರು ಗ್ಯಾಸ್ ನೋಡುತ್ತಲೇ ಇರುತ್ತಾರೆ.

ಇದೇ ಕಾರಣಕ್ಕೆ ಇಲ್ಲಿ ಕಾಂಪೌಂಡ್ ಗೇಜಿನ (ಒತ್ತಡ, ವ್ಯಾಕ್ಯೂಮ್ ಎರಡನ್ನೂ ತೋರಿಸುವ ಗೇಜು) ಮುಳ್ಳು ಪೂರ್ತಿ ವ್ಯಾಕ್ಯೂಮ್‌ನಲ್ಲೂ 30 ಇಂಚಿಗೆ ಹೋಗುವುದಿಲ್ಲ, 27ರ ಹತ್ತಿರ ನಿಲ್ಲುತ್ತದೆ. ಪಂಪ್ ಕೆಟ್ಟಿದೆ ಎಂದು ಹೊಸಬರು ಗಾಬರಿಯಾಗುತ್ತಾರೆ. ಪಂಪ್ ಸರಿ ಇದೆ, ಅಳೆಯಲು ಸೂಕ್ಷ್ಮ ವ್ಯಾಕ್ಯೂಮ್ ತೋರಿಸುವ ಮೈಕ್ರಾನ್ ಗೇಜ್ ಬೇಕು.

ಎಸಿಯ ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು ಅಥವಾ 3.517 ಕಿಲೋವ್ಯಾಟ್. ಒಂದು ಅಮೆರಿಕನ್ ಟನ್ (ಸುಮಾರು 907 ಕಿಲೋ) ಐಸ್ 24 ಗಂಟೆಯಲ್ಲಿ ಕರಗುವಾಗ ಶಾಖ ಹೀರುವ ವೇಗ ಅದು. ಸಂದರ್ಶನದಲ್ಲಿ ತಪ್ಪದೆ ಕೇಳುತ್ತಾರೆ.

ಮೊದಲ ವರ್ಷ ಕೈಗೆ ಬರಬೇಕಾದದ್ದು

ಉಪಕರಣಗಳನ್ನು ಒಟ್ಟಿಗೆ ಕೊಳ್ಳುವುದು ಬೇಡ. ಮೊದಲು ಒಳ್ಳೆಯ ಕ್ಲ್ಯಾಂಪ್ ಮೀಟರ್, ಅದರಲ್ಲಿ ಕೆಪ್ಯಾಸಿಟರ್ ಅಳೆಯುವ ಸೌಲಭ್ಯ ಇರಲಿ. ಜತೆಗೆ ಪೈಪಿಗೆ ಕಚ್ಚಿಸುವ ಎರಡು ಥರ್ಮಾಮೀಟರ್. ಆಮೇಲೆ ಆರ್-32ಕ್ಕೆ (ಹೊಸ ಎಸಿಗಳಲ್ಲಿ ಬರುವ ಗ್ಯಾಸ್) ಹೊಂದುವ, ಒತ್ತಡ ಅಳೆಯುವ ಮ್ಯಾನಿಫೋಲ್ಡ್ ಗೇಜ್, ಟ್ಯೂಬ್ ಕಟರ್, ಫ್ಲೇರಿಂಗ್ ಟೂಲ್, ಟಾರ್ಕ್ ವ್ರೆಂಚ್. ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ, ನೈಟ್ರೋಜನ್ ಕಂಪನಿಯದ್ದೇ ಸಿಗುತ್ತವೆ.

ಫ್ಲೇರ್ ಜಾಯಿಂಟ್ (ಪೈಪಿನ ಬಾಯಿ ಅರಳಿಸಿ ನಟ್‌ನಿಂದ ಬಿಗಿಯುವ ಜೋಡಣೆ) ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಸ್ಪ್ಲಿಟ್ ಎಸಿಗಳ ಗ್ಯಾಸ್ ಹೆಚ್ಚಾಗಿ ಸೋರುವುದು ಅಲ್ಲೇ. ಪೈಪು ಕತ್ತರಿಸಿದ ಮೇಲೆ ಬಾಯಿಯನ್ನು ಕೆಳಮುಖ ಹಿಡಿದು ಒಳಗಿನ ಮುಳ್ಳಂಚು ಕೆರೆಯಿರಿ. ಮೇಲ್ಮುಖ ಹಿಡಿದರೆ ತಾಮ್ರದ ಚೂರು ಒಳಗೆ ಬಿದ್ದು ಎಕ್ಸ್‌ಪ್ಯಾನ್ಷನ್ ವಾಲ್ವ್‌ಗೆ ಸಿಕ್ಕಿಕೊಳ್ಳುತ್ತದೆ. ನಟ್ ಹಾಕಿದ ಮೇಲೆ ಫ್ಲೇರ್ ಮಾಡಿ. ಎಷ್ಟೋ ಸಲ ಉಲ್ಟಾ ಆಗಿ ಪೈಪು ವೇಸ್ಟ್ ಆಗುತ್ತದೆ. ಬಿಗಿಯುವಾಗ ಕಾಲಿಂಚಿನ ನಟ್‌ಗೆ ಸುಮಾರು 16 ನ್ಯೂಟನ್ ಮೀಟರ್, ಅರ್ಧ ಇಂಚಿಗೆ ಸುಮಾರು 55. ಶಕ್ತಿಯಿದ್ದಷ್ಟೂ ಬಿಗಿದರೆ ತಾಮ್ರ ತೆಳುವಾಗಿ, ಮೊದಲ ಬೇಸಿಗೆಯಲ್ಲೇ ಸೀಳುತ್ತದೆ.

ಬ್ರೇಜಿಂಗ್ ಮಾಡುವಾಗ ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು. ಇಲ್ಲವಾದರೆ ಒಳಗೋಡೆಯಲ್ಲಿ ಕಪ್ಪು ಹೊಟ್ಟು ಕಟ್ಟಿ, ಅದು ಉದುರಿ ಸ್ಟ್ರೇನರ್ ಮುಚ್ಚುತ್ತದೆ. ಪ್ರೆಷರ್ ಟೆಸ್ಟ್‌ಗೂ ನೈಟ್ರೋಜನ್ನೇ. ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆಯೆಂದು ಅದನ್ನು ಹಾಕಿದರೆ ಕಂಪ್ರೆಸರ್ ಎಣ್ಣೆಯ ಜತೆ ಸೇರಿ ಸ್ಫೋಟವಾಗುತ್ತದೆ, ಜೀವ ಹೋಗುತ್ತದೆ. ಈ ವಿಷಯದಲ್ಲಿ ಯಾರ ಮಾತೂ ಕೇಳಬೇಡಿ, ಮೇಸ್ತ್ರಿ ಹೇಳಿದರೂ ಕೂಡ.

ಟೆಸ್ಟ್ ಒತ್ತಡ ಎಷ್ಟೆಂದು ಯಂತ್ರದ ಕೈಪಿಡಿ ಹೇಳುತ್ತದೆ. ವಿಆರ್‌ಎಫ್ (ಒಂದು ಔಟ್‌ಡೋರ್ ಯೂನಿಟ್‌ಗೆ ಹಲವು ಕೋಣೆಗಳ ಯೂನಿಟ್ ಜೋಡಿಸಿದ ಎಸಿ) ಸೈಟ್‌ಗಳಲ್ಲಿ ಸಾಮಾನ್ಯವಾಗಿ 40 ಬಾರ್ ಆಸುಪಾಸು ಏರಿಸಿ 24 ಗಂಟೆ ಬಿಡುತ್ತಾರೆ. ಮಧ್ಯಾಹ್ನ 32 ಡಿಗ್ರಿಯಲ್ಲಿ 40 ಬಾರ್ ಇದ್ದದ್ದು ಬೆಳಗಿನ 20 ಡಿಗ್ರಿಯಲ್ಲಿ 38.4ಕ್ಕೆ ಇಳಿದಿದ್ದರೆ ಅದು ಸೋರಿಕೆಯಲ್ಲ, ಅನಿಲ ತಣಿದು ಕುಗ್ಗಿದೆ ಅಷ್ಟೆ. ಒತ್ತಡದ ಪಕ್ಕದಲ್ಲಿ ಉಷ್ಣಾಂಶ ಬರೆದಿಡದ ಟೆಸ್ಟ್ ರಿಪೋರ್ಟ್‌ನಿಂದ ಏನೂ ತಿಳಿಯುವುದಿಲ್ಲ.

ಆಮೇಲೆ ವ್ಯಾಕ್ಯೂಮ್. 500 ಮೈಕ್ರಾನ್‌ಗಿಂತ ಕೆಳಗೆ ಎಳೆದು, ವಾಲ್ವ್ ಮುಚ್ಚಿ, 10-15 ನಿಮಿಷ ನೋಡಿ. ಮುಳ್ಳು ಸ್ವಲ್ಪ ಏರಿ ನಿಂತರೆ ಒಳಗೆ ತೇವ ಇದೆ, ಇನ್ನಷ್ಟು ಹೊತ್ತು ಎಳೆಯಿರಿ. ನಿಲ್ಲದೆ ಏರುತ್ತಿದ್ದರೆ ಸೋರಿಕೆ. ಪಂಪ್ ಹಾಕದೆ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಓಡಿಸುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹೊಸ ಗ್ಯಾಸುಗಳ ಜತೆ ಬರುವ ಸಿಂಥೆಟಿಕ್ ಎಣ್ಣೆ ತೇವವನ್ನು ಬೇಗ ಹೀರಿಕೊಂಡು ಆಮ್ಲವಾಗುತ್ತದೆ. ಇವತ್ತು ಉಳಿಸಿದ ಅರ್ಧ ಗಂಟೆಗೆ ಮುಂದೆ ಕಂಪ್ರೆಸರ್‌ನ ಬೆಲೆ ತೆರಬೇಕಾಗುತ್ತದೆ. ಇದಲ್ಲದೆ ಆರ್-32 ಹೊತ್ತಿಕೊಳ್ಳುವ ಗುಣದ್ದು, ಆರ್-290 ಎಂದರೆ ಪ್ರೊಪೇನ್, ಇನ್ನೂ ಬೇಗ ಹೊತ್ತುತ್ತದೆ. ಆರ್-22 ಎಂಬ ಹಳೆಯ ಗ್ಯಾಸಿನ ಯಂತ್ರಕ್ಕೆ ಇವೆರಡನ್ನೂ ತುಂಬಬೇಡಿ. ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ಆರ್-22 ಬಹುತೇಕ ಮುಗಿಯುತ್ತದೆ, ಕಲಿಯುವ ಶ್ರಮವನ್ನೆಲ್ಲ ಹೊಸ ಗ್ಯಾಸುಗಳ ಮೇಲೆ ಹಾಕಿ.

"ಗ್ಯಾಸ್ ಕಮ್ಮಿ" ಎನ್ನುವ ಮುನ್ನ

ಈ ಕ್ಷೇತ್ರದಲ್ಲಿ ಮೇಲೆ ಬರುವವರನ್ನೂ ಹತ್ತು ವರ್ಷವಾದರೂ ಅಲ್ಲೇ ಇರುವವರನ್ನೂ ಬೇರ್ಪಡಿಸುವುದು ಒಂದೇ ಅಭ್ಯಾಸ: ಅಳೆದು ಮಾತಾಡುವುದು. ಸಕ್ಷನ್ (ಕಂಪ್ರೆಸರ್‌ಗೆ ಗ್ಯಾಸ್ ಮರಳುವ ಕಡೆಯ) ಒತ್ತಡ ಕಡಿಮೆ ಕಂಡ ಕೂಡಲೇ ಗ್ಯಾಸ್ ತುಂಬುವವರು ಬಹಳ. ಫಿಲ್ಟರ್ ಕಟ್ಟಿಕೊಂಡಿದ್ದರೂ ಒತ್ತಡ ಹಾಗೇ ಇಳಿಯುತ್ತದೆ. ಈ ಎರಡನ್ನು ಬೇರ್ಪಡಿಸಿ ತೋರಿಸುವುದು ಸೂಪರ್‌ಹೀಟ್, ಅಂದರೆ ಸಕ್ಷನ್ ಪೈಪಿನ ಉಷ್ಣಾಂಶಕ್ಕೂ ಆ ಒತ್ತಡದಲ್ಲಿ ಗ್ಯಾಸ್ ಕುದಿಯುವ ಉಷ್ಣಾಂಶಕ್ಕೂ ಇರುವ ವ್ಯತ್ಯಾಸ.

ಆರ್-32 ಯಂತ್ರದಲ್ಲಿ ಸಕ್ಷನ್ 125 ಪಿಎಸ್‌ಐ ಇದ್ದರೆ ಆ ಒತ್ತಡದಲ್ಲಿ ಗ್ಯಾಸ್ ಕುದಿಯುವುದು ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಕ್ಷನ್ ಪೈಪು 12 ಡಿಗ್ರಿ ಇದೆ. ವ್ಯತ್ಯಾಸ 7, ಆರೋಗ್ಯವಾಗಿದೆ. ಇನ್ನೊಂದು ಯಂತ್ರದಲ್ಲಿ 90 ಪಿಎಸ್‌ಐ, ಅಂದರೆ ಕುದಿಬಿಂದು ಮೈನಸ್ 4ರ ಸುಮಾರು, ಪೈಪು 14. ವ್ಯತ್ಯಾಸ 18, ಆಂಪಿಯರ್ ಕೂಡ ನಾಮಫಲಕಕ್ಕಿಂತ ಬಹಳ ಕಡಿಮೆ. ಇಲ್ಲಿ ಗ್ಯಾಸ್ ನಿಜಕ್ಕೂ ಕಡಿಮೆ, ಸೋರಿಕೆ ಹುಡುಕಿ. ಮೂರನೆಯದರಲ್ಲೂ 90 ಪಿಎಸ್‌ಐ, ಆದರೆ ಪೈಪು ಮೈನಸ್ 2, ಕಾಯಿಲ್ ಮೇಲೆ ಮಂಜು. ವ್ಯತ್ಯಾಸ ಎರಡೇ ಡಿಗ್ರಿ. ಗ್ಯಾಸ್ ಸಾಕಷ್ಟಿದೆ, ಗಾಳಿ ಬರುತ್ತಿಲ್ಲ: ಫಿಲ್ಟರ್, ಬ್ಲೋವರ್, ಕಾಯಿಲ್ ನೋಡಿ. ಇದಕ್ಕೆ ಗ್ಯಾಸ್ ತುಂಬಿದರೆ ದ್ರವವೇ ಕಂಪ್ರೆಸರ್‌ಗೆ ಹೋಗಿ ಒಡೆಯುತ್ತದೆ.

ಇನ್ವರ್ಟರ್ ಯಂತ್ರಗಳಲ್ಲಿ ಕಂಪ್ರೆಸರ್ ವೇಗ ಬದಲಾಗುತ್ತಾ ಒತ್ತಡವೂ ಬದಲಾಗುತ್ತದೆ, ಎಲೆಕ್ಟ್ರಾನಿಕ್ ವಾಲ್ವ್ ಸೂಪರ್‌ಹೀಟನ್ನು ತಾನೇ ಸರಿದೂಗಿಸುತ್ತದೆ. ಟೆಸ್ಟ್ ಮೋಡ್‌ಗೆ ಹಾಕಿ ಅಳೆಯಿರಿ. ಸಂಶಯ ಇದ್ದರೆ ಗ್ಯಾಸ್ ಪೂರ್ತಿ ರಿಕವರ್ ಮಾಡಿ (ಸಿಲಿಂಡರ್‌ಗೆ ವಾಪಸ್ ತೆಗೆದು), ನಾಮಫಲಕದ ಗ್ರಾಂ ಲೆಕ್ಕಕ್ಕೆ ತೂಗಿ ಹಾಕಿ.

ಬೋರ್ಡ್ ಅಥವಾ ಕೆಪ್ಯಾಸಿಟರ್ ಮುಟ್ಟುವ ಮುಂಚೆ ಎಂಸಿಬಿ ಇಳಿಸಿ, ಕೆಲವು ನಿಮಿಷ ಕಾದು, ಚಾರ್ಜ್ ಉಳಿದಿಲ್ಲವೆಂದು ಮೀಟರ್‌ನಲ್ಲಿ ನೋಡಿ. ಆರನೇ ಮಹಡಿಯ ಗೋಡೆಗೆ ನೇತುಹಾಕಿದ ಔಟ್‌ಡೋರ್ ಯೂನಿಟ್‌ ಕೆಲಸಕ್ಕೆ ನಿಮಗೆ ಸೇಫ್ಟಿ ಬೆಲ್ಟ್ ಕೊಡದಿದ್ದರೆ ಕೆಲಸ ಒಪ್ಪಿಕೊಳ್ಳಬೇಡಿ.

ಪ್ಲಾಂಟ್ ರೂಮಿನ ಕಡೆಗೆ

ಎರಡು ವರ್ಷ ಸ್ಪ್ಲಿಟ್, ವಿಆರ್‌ಎಫ್ ಮಾಡಿದ ಮೇಲೆ ಚಿಲ್ಲರ್ ಇರುವ ಕಡೆ ಹೋಗಿ, ಮೊದಲಿಗೆ ಸಂಬಳ ಹೆಚ್ಚದಿದ್ದರೂ. ಅಲ್ಲಿ ಆಪರೇಟರ್ ಗಂಟೆಗೊಮ್ಮೆ ಲಾಗ್ ಶೀಟ್ ತುಂಬುತ್ತಾನೆ. ಸುಮ್ಮನೆ ತುಂಬಬೇಡಿ, ಓದಿ. ತಣ್ಣೀರು ಸಾಮಾನ್ಯವಾಗಿ 7 ಡಿಗ್ರಿಯಲ್ಲಿ ಹೋಗಿ 12ಕ್ಕೆ ಮರಳುತ್ತದೆ. ಹೊರೆ ಇದ್ದೂ 9ಕ್ಕೇ ಮರಳುತ್ತಿದ್ದರೆ ನೀರು ಎಲ್ಲೋ ಕೆಲಸ ಮಾಡದೆ ಸುತ್ತಿ ಬರುತ್ತಿದೆ, ಬೈಪಾಸ್ ವಾಲ್ವ್ ತೆರೆದಿರಬಹುದು.

ಬೆಂಗಳೂರಿನ ಪ್ಲಾಂಟ್‌ಗಳನ್ನು ಹೆಚ್ಚು ಕಾಡುವುದು ನೀರು. ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಚಿಲ್ಲರ್‌ನ ಶಾಖ ಹೊರಹಾಕುವ ಕೂಲಿಂಗ್ ಟವರ್‌ನಲ್ಲಿ ನೀರು ಆವಿಯಾದಷ್ಟೂ ಸುಣ್ಣದ ಅಂಶ ಸಾಂದ್ರವಾಗಿ ಕಂಡೆನ್ಸರ್ (ಗ್ಯಾಸ್ ದ್ರವವಾಗುವ ಭಾಗ) ಟ್ಯೂಬ್ ಒಳಗೆ ಪದರ ಕಟ್ಟುತ್ತದೆ. ಗ್ಯಾಸ್ ದ್ರವವಾಗುವ ಉಷ್ಣಾಂಶಕ್ಕೂ ಕಂಡೆನ್ಸರ್‌ನಿಂದ ಹೊರಬರುವ ನೀರಿಗೂ ಇರುವ ವ್ಯತ್ಯಾಸವನ್ನು ಅಪ್ರೋಚ್ ಎನ್ನುತ್ತಾರೆ. ಶುದ್ಧ ಟ್ಯೂಬಿನಲ್ಲಿ ಒಂದೆರಡು ಡಿಗ್ರಿ ಇರುವುದು ತಿಂಗಳಿಂದ ತಿಂಗಳಿಗೆ 4-5ಕ್ಕೆ ಏರುತ್ತಿದ್ದರೆ ಟ್ಯೂಬ್ ಬ್ರಶ್ ಮಾಡಿಸುವ ಹೊತ್ತು ಬಂದಿದೆ. ಆರು ತಿಂಗಳ ಅಪ್ರೋಚ್ ಗ್ರಾಫ್ ಹಾಕಿ ಮ್ಯಾನೇಜರ್ ಮುಂದಿಡುವ ಆಪರೇಟರ್‌ಗೆ ಸೂಪರ್‌ವೈಸರ್ ಕೆಲಸ ಬೇಗ ಸಿಗುತ್ತದೆ. ನೀರಿನ ಗಡಸು ತೆಗೆಯುವ ಸಾಫ್ಟ್‌ನರ್, ಸಾಂದ್ರವಾದ ನೀರನ್ನು ಹೊರಬಿಡುವ ಬ್ಲೋಡೌನ್, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್, ಈ ಮೂರನ್ನೂ ಕಲಿಯಿರಿ.

ಔಷಧ ಕಾರ್ಖಾನೆಯಂಥ ಕಡೆಯ ಕ್ಲೀನ್‌ರೂಮಿನಲ್ಲಿ (ಧೂಳಿಲ್ಲದ ಶುದ್ಧ ಕೋಣೆ) ಲೆಕ್ಕ ಇನ್ನೊಂದು ಬಗೆಯದು. ಶುದ್ಧ ಕೋಣೆಗೂ ಪಕ್ಕದ ಕೋಣೆಗೂ 10ರಿಂದ 15 ಪಾಸ್ಕಲ್ ಒತ್ತಡದ ವ್ಯತ್ಯಾಸ ಕಾಯಬೇಕು, ಅತಿ ಸೂಕ್ಷ್ಮ ಕಣ ತಡೆಯುವ ಹೆಪಾ ಫಿಲ್ಟರ್ ಸೋರಿಕೆ ಪರೀಕ್ಷೆ ಮಾಡಬೇಕು, ಎಲ್ಲವನ್ನೂ ಬರೆದು ಸಹಿ ಹಾಕಬೇಕು. ಬರವಣಿಗೆ ಅಚ್ಚುಕಟ್ಟಾಗಿರುವವರಿಗೆ ಇಲ್ಲಿ ಒಳ್ಳೆಯ ಜಾಗ ಇದೆ. ಡಿಸೈನ್ ಇಷ್ಟವಿದ್ದವರು ಕಟ್ಟಡಗಳ ಇಂಧನ ಸಂಹಿತೆ ಓದಿಕೊಂಡು ಕನ್ಸಲ್ಟೆನ್ಸಿಗೆ ಹೋಗಬಹುದು. ಅನುಭವವಾದ ಮೇಲೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಎನರ್ಜಿ ಆಡಿಟರ್ ಪರೀಕ್ಷೆ ಬರೆಯಬಹುದು.

ಕೆಲಸ ಕೇಳಲು ಹೋಗುವಾಗ

ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಿ. ದಿನಾಂಕ, ಮಾಡೆಲ್, ಗ್ಯಾಸ್, ಹೊರಗಿನ ಉಷ್ಣಾಂಶ, ಎರಡೂ ಒತ್ತಡ, ಸೂಪರ್‌ಹೀಟ್, ಆಂಪಿಯರ್, ದೋಷ, ಕಾರಣ, ಒಂದು ಯಂತ್ರಕ್ಕೆ ಒಂದು ಸಾಲು. ಗಿರಾಕಿಯ ಹೆಸರು, ವಿಳಾಸ ಬೇಡ. ಇನ್ನೂರು ಸಾಲು ತುಂಬಿದ ಅಂಥ ಪುಸ್ತಕ ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಮಾತಾಡಿಸುತ್ತದೆ.

ಸರ್ವೀಸ್ ಕಂಪನಿಗಳು ಬೇಸಿಗೆಗೆ ಕೈ ಸೇರಿಸಿಕೊಳ್ಳುವುದು ಜನವರಿ, ಫೆಬ್ರವರಿಯಲ್ಲಿ. ಆಗ ಹೋಗಿ. ಪಿಎಫ್, ಇಎಸ್‌ಐ ಇದೆಯೇ, ಪೆಟ್ರೋಲ್ ಖರ್ಚು ಯಾರದ್ದು, ವ್ಯಾಕ್ಯೂಮ್ ಪಂಪ್ ಪ್ರತಿ ತಂಡಕ್ಕೂ ಕೊಡುತ್ತಾರೆಯೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಇಲ್ಲ ಎಂದರೆ ಅಲ್ಲಿ ನೀವು ಕಲಿಯುವುದು ಕೆಟ್ಟ ಕೆಲಸ, ಬೇರೆ ಕಡೆ ನೋಡಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸರ್ವೀಸ್ ಸಡಿಲವಿರುವಾಗ ಡಕ್ಟ್, ಚಿಲ್ಡ್ ವಾಟರ್ ಪೈಪಿಂಗ್ ನಡೆಯುತ್ತಿರುವ ಯಾವುದಾದರೂ ಪ್ರಾಜೆಕ್ಟ್ ಸೈಟ್‌ಗೆ ಹಾಕಿಸಿಕೊಳ್ಳಿ.